ಗುರಿ ಕೂರದ ಏರ್‌ಗನ್ನು

ಸ್ಕಾಟ್ಲೆಂಡಿನ ಗಡಿಗೆ ಹತ್ತಿರದ ವಿಗ್ಟನ್ ಪೇಟೆಯಿಂದ ಕಡಲ ಕಡೆಗೆ ಹಬ್ಬಿದ ಬಯಲಿನ ಹಳ್ಳಿಗಳಲ್ಲಿ ಯಾರಾದರೂ ಏರ್‌ಗನ್ನಿಗೆ ಹೊಸ ದುರ್ಬೀನು ಹಾಕಿಸಿಕೊಂಡರೆ, ಅದನ್ನು ಹೆಗಲಿಗೇರಿಸಿಕೊಂಡು ನೆಟ್ಟಗೆ ಥೆಲ್ಮಾ ಇಸ್ಮೇಯ ಹತ್ತಿರ ಬರುತ್ತಿದ್ದರು. ಬರುತ್ತಿದ್ದದ್ದು ಭಾನುವಾರ ಮಧ್ಯಾಹ್ನ, ಹುರಿದ ಮಾಂಸ ಆಲೂಗೆಡ್ಡೆಯ ಊಟ ಮುಗಿಸಿ, ಹೆಂಡತಿಯರು ಪಾತ್ರೆ ತೊಳೆಯಲು ಕರೆಯುವ ಮೊದಲು. ದುರ್ಬೀನಿನ ಅಡ್ಡಗೆರೆ ಉದ್ದಗೆರೆ ಕೂಡುವ ಕಡೆಗೇ ಗುಂಡು ಹೋಗಿ ಬೀಳುವಂತೆ ಮಾಡುವುದು, ಅಂದರೆ ಗುರಿ ಕೂರಿಸುವುದು, ಬ್ರಹ್ಮವಿದ್ಯೆಯೇನಲ್ಲ. ತಾಳ್ಮೆ ಬೇಕು, ಅಷ್ಟೆ. ಆ ಕಡೆಯ ಗಂಡಸರಿಗೆ ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಇತ್ತು.

ಥೆಲ್ಮಾ ರೆಲ್ಫ್ ಮನೆಯವರ ಫಾರ್ಮಿನಲ್ಲಿ ದನ ನೋಡಿಕೊಳ್ಳುತ್ತಿದ್ದಳು. ಅವಳಿಗಿಂತ ಮೊದಲು ಅವಳಪ್ಪ ಅದೇ ಕೆಲಸ ಮಾಡುತ್ತಿದ್ದ. ಅಪ್ಪ ತೀರಿಕೊಂಡ ಮಾರನೆಯ ಬೆಳಿಗ್ಗೆ ಹಸುಗಳ ಹಾಲನ್ನು ಯಾರಾದರೂ ಕರೆಯಬೇಕಿತ್ತು, ಕರೆದವಳು ಥೆಲ್ಮಾ. ಆಗ ಅವಳಿಗಿನ್ನೂ ಹದಿಹರೆಯ. ಆಮೇಲೆ ಅದನ್ನು ನಿಲ್ಲಿಸಲು ಕಾರಣ ಒದಗಲೇ ಇಲ್ಲ. ಮದುವೆಯ ಮಾತು ಒಂದೆರಡು ಸಲ ಬಂದು ಹೋಯಿತು. ಐವತ್ತು ದಾಟಿದರೂ ಊರವರಿಗೆ ಅವಳು ‘ಹುಡುಗಿ’ಯೇ. ಅಲ್ಲಿ ಎಪ್ಪತ್ತಾಗುವ ತನಕ ಎಲ್ಲರೂ ಹುಡುಗಿಯರೇ. ಫಾರ್ಮಿನ ಗೇಟಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಅಪ್ಪನಿಂದ ಅವಳಿಗೆ ಬಂದ ಆಸ್ತಿಯೆಂದರೆ ಒಂದು ಓವರ್‌ಕೋಟು, ಮತ್ತೆ ನಳಿಗೆ ಮಡಚಿ ಸ್ಪ್ರಿಂಗು ಎಳೆಯುವ ಹಳೆಯ ಏರ್‌ಗನ್ನು. ದುರ್ಬೀನನ್ನು ಮಾತ್ರ ಅವಳೇ ಕೊಂಡು ಕೂರಿಸಿದ್ದಳು.

ಗುರಿ ಕೂರಿಸಲು ಬಂದವರಿಗೆ ಅವಳು ಹೇಳುತ್ತಿದ್ದ ಮಾತು ಎರಡೇ. ಮೊದಲನೆಯದು: “ಒಂದು ಗುಂಡು ಹೊಡ್ದು ತಿರುಪು ತಿರುಗಿಸೋಕೆ ಹೋಗ್ಬೇಡ. ಒಂದು ಗುಂಡು ಏನೂ ಹೇಳಲ್ಲ. ನಾಲ್ಕೈದು ಹೊಡಿ. ಎಲ್ಲಾದ್ರೂ ಬೀಳ್ಲಿ, ಒಟ್ಟಿಗೆ ಬಿದ್ರೆ ಸಾಕು. ಒಟ್ಟಿಗೆ ಬಿದ್ದಿದ್ದನ್ನ ಆಮೇಲೆ ಎಲ್ಲಿಗೆ ಬೇಕಾದ್ರೂ ಸರಿಸ್ಬಹುದು.” ಎರಡನೆಯದು: “ಹಿಡಿಬೇಡ. ಸ್ಪ್ರಿಂಗಿನ ಬಂದೂಕು ಇದು. ಗುಂಡು ಹೋಗೋಕೆ ಮುಂಚೆ ಒಂದ್ಸಲ ಕುಣಿಯತ್ತೆ. ಕುಣೀಲಿ ಬಿಡು. ಅಂಗೈ ಮೇಲೆ ಸುಮ್ನೆ ಇಟ್ಕೊ.”

“ಹೆಂಡ್ತಿ ಸೊಂಟ ಹಿಡಿದ ಹಾಗಾ ಥೆಲ್ಮಾ?” ಎಂದು ಒಮ್ಮೆ ಟ್ಯಾಂಕರ್ ಓಡಿಸುವವನೊಬ್ಬ ಎಲ್ಲರೆದುರು ಕೇಳಿದ್ದ.

“ನೀನು ಹೆಂಗೆ ಹಿಡೀತೀಯ ಅಂತ ಅವಳು ನಂಗೆ ಹೇಳಿದ್ದಾಳೆ,” ಎಂದಳು ಥೆಲ್ಮಾ, ಕಣ್ಣು ದುರ್ಬೀನಿನಿಂದ ಎತ್ತದೆ. “ಹಾಗಂತೂ ಬೇಡಪ್ಪ.”

ಅವನು ಆಮೇಲೆ ಒಂದು ತಿಂಗಳು ಹಾಲು ತುಂಬಿಕೊಂಡು ತುಟಿಪಿಟಿಕ್ಕೆನ್ನದೆ ಹೋಗುತ್ತಿದ್ದನಂತೆ.

ಎರಡು ಸಾವಿರದ ಒಂದನೆಯ ಇಸವಿಯ ವಸಂತದಲ್ಲಿ ಆ ಬಯಲಿಗೆ ಕಾಲುಬಾಯಿ ರೋಗ ಬಂತು. ನಮ್ಮಲ್ಲಿ ಆ ರೋಗ ಬಂದರೆ ಬೇವಿನಸೊಪ್ಪಿನ ನೀರಿನಲ್ಲಿ ಗೊರಸು ತೊಳೆದು, ಬಾಯಿಗೆ ಜೇನು ಸವರಿ, ಬದುಕಿದರೆ ಬದುಕಲಿ ಎನ್ನುತ್ತೇವೆ. ಅಲ್ಲಿಯ ಕಾನೂನು ಬೇರೆ. ಒಂದು ದನಕ್ಕೆ ಬಂದರೆ ಆ ಕೊಟ್ಟಿಗೆಯ ಎಲ್ಲಕ್ಕೂ ಗುಂಡು. ಸಂತೆ ನಿಂತಿತು. ಗೇಟುಗಳ ಮುಂದೆ ಔಷಧಿಯಲ್ಲಿ ನೆನೆಸಿದ ಹುಲ್ಲು ಹಾಸಿದರು. ಜನ ಒಬ್ಬರ ಮನೆಗೆ ಒಬ್ಬರು ಹೋಗುವುದನ್ನು ಬಿಟ್ಟರು. ಥೆಲ್ಮಾ ಗೇಟು ದಾಟಲೇ ಇಲ್ಲ. ದಾಟದಿದ್ದರೆ ರೋಗವೂ ದಾಟದು ಎಂದು ಅವಳ ಲೆಕ್ಕ.

ಒಂದು ಬೆಳಿಗ್ಗೆ ಪ್ಯಾಟ್ಸಿ ಹಾಲು ಕರೆಯುವ ಷೆಡ್ಡಿಗೆ ಮೊದಲು ಬರಲಿಲ್ಲ. ಪ್ಯಾಟ್ಸಿ ಮುದಿ ಹಸು, ಮಂದೆಯ ಯಜಮಾನತಿ. ಅದಕ್ಕಿಂತ ಮೊದಲು ಬೇರೊಂದು ಹಸು ಬಾಗಿಲು ದಾಟುವ ಹಾಗಿರಲಿಲ್ಲ. ಅಂದು ಅದು ಮೂಲೆಯಲ್ಲಿ ನಿಂತು ತುಟಿ ಚಪ್ಪರಿಸುತ್ತಿತ್ತು, ಬಾಯಿಂದ ಜೊಲ್ಲು ದಾರದಂತೆ ಇಳಿದಿತ್ತು. ಥೆಲ್ಮಾ ಹತ್ತಿರ ಹೋಗಿ ಬಾಯಿ ಬಿಡಿಸಿ ನಾಲಗೆ ಹಿಡಿದಳು. ನಾಲಗೆಯ ಸಿಪ್ಪೆ ಅವಳ ಕೈಯಲ್ಲಿ ಉಳಿಯಿತು.

ಅವಳು ಕೈ ತೊಳೆದುಕೊಂಡಳು. ಮಿಕ್ಕ ಹಸುಗಳನ್ನು ಕರೆದು ಮುಗಿಸಿದಳು. ಆಮೇಲೆ ಅಂಗಳ ದಾಟಿ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಯಜಮಾನ ನಾರ್ಮನ್ ರೆಲ್ಫ್ ಮೊಟ್ಟೆಯ ಮೇಲೆ ಮೆಣಸಿನಪುಡಿ ಉದುರಿಸಿಕೊಳ್ಳುತ್ತಿದ್ದ.

“ನಾರ್ಮನ್, ಫೋನ್ ಮಾಡು.”

“ಯಾರಿಗೆ?”

“ಯಾರಿಗೆ ಅಂತ ಗೊತ್ತಲ್ಲ.”

ಅವನು ಮೆಣಸಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಕುರ್ಚಿಯಿಂದ ಏಳಲಿಲ್ಲ. ಫೋನ್ ಮಾಡಿದವಳು ಅವನ ಹೆಂಡತಿ ಎಡ್ನಾ.

ದನಗಳಿಗೆ ಗುಂಡಿಕ್ಕಲು ಬಂದವರಲ್ಲಿ ದೊಡ್ಡವನು ಟೆರಿ ಎಂಬವನು. ಬಿಳಿಯ ಮೇಲಂಗಿ ತೊಟ್ಟ ದಪ್ಪ ಮನುಷ್ಯ, ಮಾತು ಮೆದು. ಅವನು ಥೆಲ್ಮಾಳನ್ನು ನೋಡಿದ ಕೂಡಲೇ, “ನೀವು ಒಳಗೆ ಹೋಗಿ ತಾಯಿ. ಒಂದು ಕಪ್ ಟೀ ಕುಡೀರಿ. ಇದನ್ನ ನೋಡ್ಬೇಡಿ,” ಎಂದ.

“ನೀವು ಕರೆದ್ರೆ ಅವು ಬರಲ್ಲ,” ಎಂದಳು ಥೆಲ್ಮಾ.

ಬರಲಿಲ್ಲ ಕೂಡ. ಬಿಳಿ ಬಟ್ಟೆಯವರನ್ನು ಕಂಡು ಮಂದೆ ಬೆದರಿ ಗೋಡೆಗೆ ಒತ್ತಿಕೊಂಡಿತು. ಒಂದು ಕಡಸು ಗೇಟು ಹಾರಲು ಹೋಗಿ ಕಾಲು ಸಿಕ್ಕಿಸಿಕೊಂಡಿತು. ಟೆರಿ ಕೋವಿ ಕೆಳಗಿಳಿಸಿ ಅವಳತ್ತ ನೋಡಿದ. ಥೆಲ್ಮಾ ಹಗ್ಗ ತೆಗೆದುಕೊಂಡಳು.

ಬೆಳಿಗ್ಗೆಯಿಂದ ಸಂಜೆಯ ತನಕ ಒಂದೊಂದನ್ನೇ ಹೆಸರು ಹಿಡಿದು ಕರೆದು, ಮೂಗಿಗೆ ಹಗ್ಗ ಹಾಕಿ, ತಲೆ ಅಲ್ಲಾಡದಂತೆ ಬಿಗಿಯಾಗಿ ಹಿಡಿದು ನಿಂತಳು. ಅಲ್ಲಾಡಿದರೆ ಗುಂಡು ತಪ್ಪುತ್ತದೆ, ತಪ್ಪಿದರೆ ಅದಕ್ಕೇ ನೋವು. ಆದ್ದರಿಂದ ಅವಳು ಚೆನ್ನಾಗಿ ಹಿಡಿದಳು. ನಡುವೆ ಎಡ್ನಾ ಟೀ ತಂದಾಗ ಕಪ್ಪು ಹಿಡಿಯಲು ಬಲಗೈಯಿಂದ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಕರುಗಳ ಬಗ್ಗೆ ಥೆಲ್ಮಾ ಯಾವತ್ತೂ ಯಾರ ಹತ್ತಿರವೂ ಮಾತಾಡಿಲ್ಲ. ಇಲ್ಲೂ ಅದು ಬೇಡ.

ಎಲ್ಲ ಮುಗಿದ ಮೇಲೆ ಟೆರಿ ಕಲ್ಲುಗೋಡೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಥೆಲ್ಮಾ ಪಕ್ಕದಲ್ಲಿ ನಿಂತು ಅವನ ಬೆನ್ನು ತಟ್ಟಿದಳು, ಕೆಮ್ಮು ಬಂದ ಮಗುವಿಗೆ ತಟ್ಟುವ ಹಾಗೆ. ಅವಳಿಗೆ ಅಳು ಬರಲಿಲ್ಲ. ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಸರಿ ಎಂದು ಮನೆಗೆ ಹೋಗಿ ಮುಖ ತೊಳೆದುಕೊಂಡಳು.

ಆಮೇಲಿನ ದಿನಗಳಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ. ಹೊಲದಾಚೆ ಹೆಣಗಳನ್ನು ಸುಟ್ಟ ಹೊಗೆ ನಿಂತಲ್ಲೇ ನಿಂತಿತ್ತು. ಫಾರ್ಮಿನಿಂದ ಯಾರೂ ಹೊರಗೆ ಹೋಗುವ ಹಾಗಿಲ್ಲ, ಒಳಗೆ ಬರುವ ಹಾಗಿಲ್ಲ. ಬ್ರೆಡ್ಡು, ಪೇಪರು ಗೇಟಿನ ಬಳಿ ಇಟ್ಟುಹೋಗುತ್ತಿದ್ದರು. ಥೆಲ್ಮಾಳ ಮೈ ಮಾತ್ರ ಹಳೆಯ ಹೊತ್ತಿಗೇ ಏಳುತ್ತಿತ್ತು. ಎದ್ದು ಬೂಟು ಹಾಕಿಕೊಂಡು ಕರೆಯುವ ಷೆಡ್ಡಿಗೆ ಹೋಗುತ್ತಿದ್ದಳು. ದೀಪ ಹಾಕುತ್ತಿದ್ದಳು. ದೀಪ ಆರಿಸುತ್ತಿದ್ದಳು. ಎಡ್ನಾ ಕಳಿಸಿದ ಊಟ ಉಣ್ಣುವಾಗ ಅದು ಏನೆಂದು ನೋಡಿ ತಿಳಿದುಕೊಳ್ಳಬೇಕಿತ್ತು, ನಾಲಗೆ ಹೇಳುತ್ತಿರಲಿಲ್ಲ. ದುಃಖವಾಗಿದೆಯೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದಳು. ಅದು ಸುಳ್ಳೂ ಆಗುತ್ತಿರಲಿಲ್ಲ.

ನಾರ್ಮನ್ ಅಡಿಗೆಮನೆಯ ಒಲೆಯ ಪಕ್ಕದ ಕುರ್ಚಿಯಿಂದ ಏಳುತ್ತಿರಲಿಲ್ಲ. ಎಡ್ನಾ ಒಂದು ದಿನ ಹಿತ್ತಿಲ ಕೋಣೆಯಿಂದ ಗುಟ್ಟಾಗಿ ಪೊಲೀಸರಿಗೆ ಫೋನ್ ಮಾಡಿದಳು. ಸಂಜೆಗೆ ಊರಿನ ಪೇದೆ ಗೇಟಿನ ಬಳಿ ಬಂದು, ಬೂಟಿನ ತುದಿ ನೋಡುತ್ತಾ, “ಕೋವಿ ಲೈಸೆನ್ಸು ಒಂದ್ಸಲ ನೋಡ್ಬೇಕಿತ್ತು ನಾರ್ಮನ್. ಕೋವೀನೂ ನಮ್ಮತ್ರಾನೇ ಇರ್ಲಿ, ಸ್ವಲ್ಪ ದಿನ,” ಎಂದ. ನಾರ್ಮನ್ ಒಳಗೆ ಹೋಗಿ ಕೋವಿ ತಂದು ಕೊಟ್ಟುಬಿಟ್ಟ. ಯಾಕೆಂದು ಕೇಳಲಿಲ್ಲ. ಕೇಳದಿದ್ದದ್ದು ಎಡ್ನಾಳಿಗೆ ಇನ್ನೂ ಹೆದರಿಕೆ ತಂದಿತು. ಏರ್‌ಗನ್ನಿಗೆ ಲೈಸೆನ್ಸು ಬೇಕಿಲ್ಲ, ಅದು ಥೆಲ್ಮಾಳದ್ದು ಬೇರೆ. ಅದನ್ನು ಯಾರೂ ಕೇಳಲಿಲ್ಲ.

ಕೊಟ್ಟಿಗೆ ತೊಳೆಯುವವರ ಗುಂಪು ಬಂತು. ಮರದ್ದೆಲ್ಲ ಕಿತ್ತು ಸುಟ್ಟರು, ಮೇವೆಲ್ಲ ಹೊತ್ತು ಸುಟ್ಟರು, ಗೋಡೆಗಳಿಗೆ ಪೈಪು ಹಿಡಿದು ನೀರು ಹೊಡೆದರು. ಆಗ ಹೆಗ್ಗಣಗಳು ಎದ್ದವು. ಮೇವಿನ ಮನೆಯಲ್ಲಿ ತಲೆತಲಾಂತರದಿಂದ ಒಕ್ಕಲಾಗಿದ್ದ ಸಂಸಾರಗಳು ಹೊಟ್ಟೆಗಿಲ್ಲದೆ ಹಗಲುಹೊತ್ತಿನಲ್ಲೇ ಅಂಗಳ ದಾಟಿ ಮನೆಯತ್ತ ಬಂದವು. ವಿಷ ಇಟ್ಟರು. ಪೆದ್ದ ಹೆಗ್ಗಣಗಳು ತಿಂದು ಸತ್ತವು, ಜಾಣ ಹೆಗ್ಗಣಗಳು ಉಳಿದವು.

ಎಡ್ನಾ ಥೆಲ್ಮಾಳ ಬಾಗಿಲಿಗೆ ಬಂದಳು. ಬಂದವಳು ಏಪ್ರನ್ನನ್ನು ಕೈಯಲ್ಲಿ ಹಿಂಡುತ್ತಿದ್ದಳು. “ಎಲ್ಲಾ ತಡ್ಕೊಂಡೆ ಥೆಲ್ಮಾ. ಇದೊಂದು ಆಗ್ತಿಲ್ಲ. ಬೆಳಿಗ್ಗೆ ಒಂದು ಹೆಗ್ಗಣ ಬ್ರೆಡ್ಡಿನ ಹಲಗೆ ಮೇಲೆ ಕೂತಿತ್ತು. ನಾನು ಬಂದ್ರೂ ಏಳ್ಲಿಲ್ಲ, ಮನೆ ಯಜಮಾನನ ಹಾಗೆ.”

“ಯಜಮಾನ ಅಷ್ಟು ದೂರ ಎದ್ದು ಹೋಗ್ತಿದ್ನಾ?”

ಎಡ್ನಾ ಅವಳ ಮುಖ ನೋಡಿದಳು. ಅದು ತಮಾಷೆ ಎಂದು ಇಬ್ಬರಿಗೂ ತಿಳಿಯಿತು. ನಗು ಬರಲಿಲ್ಲ.

“ನಿನ್ನ ಏರ್‌ಗನ್ನು ತಗೊಂಡು ಬಾ ಮಾರಾಯ್ತಿ,” ಎಂದಳು ಎಡ್ನಾ.

ಏರ್‌ಗನ್ನು ಮೇವಿನ ಮನೆಯ ಮೊಳೆಯ ಮೇಲೆ ಇರಬೇಕಿತ್ತು. ತೊಳೆಯುವವರು ಅದನ್ನು ತೆಗೆದು ಟ್ರಾಕ್ಟರಿನ ಚಕ್ರಕ್ಕೆ ಒರಗಿಸಿದ್ದರು. ಯಾವಾಗಲೋ ಜಾರಿ ಬಿದ್ದು ದುರ್ಬೀನಿನ ಪಕ್ಕಕ್ಕೆ ಪೆಟ್ಟಾಗಿತ್ತು. ಥೆಲ್ಮಾ ಒರೆಸಿ ನೋಡಿದಳು. ಗಾಜು ಒಡೆದಿರಲಿಲ್ಲ, ಗೆರೆಗಳು ನೆಟ್ಟಗಿದ್ದವು. ಖಾಲಿ ಕೊಟ್ಟಿಗೆಗೆ ಹೋಗಿ ನಿಂತಾಗ ಎದುರು ಗೋಡೆಯ ಬುಡದಲ್ಲೇ ಒಂದು ಹೆಗ್ಗಣ ಮುಖ ಉಜ್ಜಿಕೊಳ್ಳುತ್ತಿತ್ತು. ಅವಳು ಗುರಿಯಿಟ್ಟು ಹೊಡೆದಳು. ಗುಂಡು ಎಲ್ಲೋ ತಗಡಿಗೆ ಬಡಿದು ಟಣ್ಣೆಂದಿತು. ಹೆಗ್ಗಣ ಓಡಲಿಲ್ಲ. ಒಮ್ಮೆ ಅವಳತ್ತ ನೋಡಿ ಮತ್ತೆ ಮುಖ ಉಜ್ಜಿಕೊಳ್ಳತೊಡಗಿತು.

ಮಾರನೆಯ ಮಧ್ಯಾಹ್ನ ಗುರಿ ಕೂರಿಸಲು ಕುಳಿತಳು. ಹುಲ್ಲಿನ ಪೆಂಡಿಗಳು ಒಂದೂ ಉಳಿದಿರಲಿಲ್ಲವಾದ್ದರಿಂದ ಒಂದು ತಗಡಿನ ಪೀಪಾಯಿಗೆ ಒದ್ದೆ ಮಣ್ಣು ತುಂಬಿ, ಅದರ ಮುಂದೆ ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟು ನಿಲ್ಲಿಸಿ, ನಡುವೆ ಪೆನ್ನಿನಿಂದ ಒಂದು ಕಪ್ಪು ಚುಕ್ಕೆ ಬರೆದಳು. ಕೊಟ್ಟಿಗೆಯ ಇನ್ನೊಂದು ತುದಿಯಲ್ಲಿ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಅಪ್ಪನ ಓವರ್‌ಕೋಟು ಸುತ್ತಿಟ್ಟು, ನೆಲದ ಮೇಲೆ ಕೂತಳು. ದುರ್ಬೀನನ್ನು ಹಿಡಿದ ಸ್ಕ್ರೂಗಳನ್ನು ಬಿಗಿ ಮಾಡಿದಳು. ಅದೇ ಡಬ್ಬಿಯ ಗುಂಡು, ಅದೇ ದೂರ. ಕೊಟ್ಟಿಗೆಯೊಳಗೆ ಗಾಳಿಯೂ ಇರಲಿಲ್ಲ.

ಮೊದಲ ಗುಂಡು ಹೊಡೆದು ಎರಡನೆಯದಕ್ಕೆ ನಳಿಗೆ ಮಡಚುತ್ತಿದ್ದಾಗ ಅಂಗಳದಲ್ಲಿ ಯಾರೋ ಓಡಿಬರುವ ಸದ್ದಾಯಿತು. ನಾರ್ಮನ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಬಾಯಿ ತೆರೆದಿತ್ತು, ಮುಖದಲ್ಲಿ ರಕ್ತವಿರಲಿಲ್ಲ.

“ಏನಾಯ್ತು? ಏನ್ ಮಾಡ್ಕೊಂಡೆ?”

“ಗುರಿ ಕೂರಿಸ್ತಿದ್ದೀನಿ.”

“ಗುರಿ...”

“ಏರ್‌ಗನ್ನು ನಾರ್ಮನ್. ಇದ್ರಲ್ಲಿ ಸಾಯ್ಬೇಕಂದ್ರೆ ನಾನು ಹೆಗ್ಗಣ ಆಗಿ ಹುಟ್ಬೇಕು.”

ನಾರ್ಮನ್ ಉಸಿರು ಬಿಟ್ಟ. ಕೆಳಗೆ ನೋಡಿದ. ಬರೀ ಕಾಲುಚೀಲದಲ್ಲಿ ಒದ್ದೆ ಅಂಗಳ ದಾಟಿ ಬಂದಿದ್ದ.

“ಕಾಲು ನೆನೀತು,” ಎಂದ.

“ಹೌದು, ನೆನೀತು.”

ಅವನು ಹಿಂದಕ್ಕೆ ಹೋಗಲಿಲ್ಲ. ಮೇವು ಹಾಕುವ ಕಟ್ಟೆಯ ಮೇಲೆ ಕೂತ. ದನ ಹೋದ ಮೇಲೆ ಅವನು ಕೊಟ್ಟಿಗೆಗೆ ಕಾಲಿಟ್ಟದ್ದು ಅದೇ ಮೊದಲು. ಸುತ್ತ ನೋಡದೆ ರಟ್ಟನ್ನೇ ನೋಡುತ್ತಾ ಕೂತ. ಥೆಲ್ಮಾ ಹೊಡೆದಳು.

“ಎಡಕ್ಕೆ, ಕೆಳಗೆ,” ಎಂದ ನಾರ್ಮನ್.

ಇನ್ನೊಂದು.

“ಬಲಕ್ಕೆ. ಮೇಲೆ.”

ಇನ್ನೊಂದು.

“ರಟ್ಟಿಗೇ ಬೀಳ್ಲಿಲ್ಲ.”

ಥೆಲ್ಮಾ ಎದ್ದು ಹೋಗಿ ನೋಡಿದಳು. ಕೋಳಿಗೆ ಕಾಳೆರಚಿದಂತೆ ತೂತುಗಳು. ಹೀಗೆಂದೂ ಆಗಿರಲಿಲ್ಲ. ಪೆಟ್ಟು ಬಿದ್ದ ದುರ್ಬೀನು ಒಂದು ಪಕ್ಕಕ್ಕೆ ಸರಿದಿದ್ದರೆ ಗುಂಡುಗಳೆಲ್ಲ ಸೇರಿ ಆ ಪಕ್ಕಕ್ಕೆ ಬೀಳಬೇಕು. ಇವು ಒಂದಕ್ಕೊಂದು ಸಂಬಂಧವಿಲ್ಲದವರ ಹಾಗೆ ಬಿದ್ದಿದ್ದವು. ಒಳಗೆ ಏನೋ ಸಡಿಲವಾಗಿರಬೇಕು ಎಂದುಕೊಂಡಳು. ಬಿಚ್ಚಿ ಮತ್ತೆ ಕೂರಿಸಿದಳು. ಹೊಸ ರಟ್ಟು ಇಟ್ಟಳು. ಮತ್ತೆ ಎರಚಾಟ. ಮತ್ತೊಂದು ರಟ್ಟು. ಬೇಸರ, ಸಿಟ್ಟು ಯಾವುದೂ ಅವಳಿಗೆ ಬರಲಿಲ್ಲ. ನಳಿಗೆ ಮಡಚುವುದು, ಗುಂಡಿಡುವುದು, ಹೊಡೆಯುವುದು. ಸಂಜೆಯ ತನಕ ಹಾಗೇ ಹೊಡೆಯುತ್ತಿದ್ದಳೇನೋ.

“ಥೆಲ್ಮಾ,” ಎಂದ ನಾರ್ಮನ್. “ಅದರ ಕತ್ತು ಹಿಸುಕ್ತಿದ್ದೀಯ.”

“ಏನು?”

“ನಿನ್ನ ಕೈ ನೋಡ್ಕೋ ಹುಡುಗಿ.”

ನೋಡಿದಳು. ನಳಿಗೆಯ ಕೆಳಗಿನ ಹಿಡಿಮರವನ್ನು ಅವಳ ಎಡಗೈ ಅಮುಕಿ ಹಿಡಿದಿತ್ತು, ಗೆಣ್ಣುಗಳು ಸುಣ್ಣದಂತೆ ಬೆಳ್ಳಗಾಗಿದ್ದವು. ಅವಳಿಗದು ತಿಳಿದೇ ಇರಲಿಲ್ಲ. ಬೇರೆ ಯಾರದೋ ಕೈ ತನ್ನ ತೋಳಿನ ತುದಿಯಲ್ಲಿ ಕೆಲಸ ಮಾಡುತ್ತಿದ್ದಂತೆ ಕಂಡಿತು. ಬಿಡಿಸಿ, ಅಂಗೈ ಅಗಲಿಸಿ, ಬಂದೂಕನ್ನು ಅದರ ಮೇಲೆ ಸುಮ್ಮನೆ ಇಟ್ಟಳು. ಉಸಿರು ಅರ್ಧ ಬಿಟ್ಟಳು. ಟ್ರಿಗರ್ ಎಳೆಯುವ ಹೊತ್ತಿಗೆ ಬೆರಳುಗಳು ತಾವಾಗಿಯೇ ಮುಚ್ಚಿಕೊಂಡವು. ಮತ್ತೆ ಬಿಡಿಸಿದಳು, ಮತ್ತೆ ಮುಚ್ಚಿದವು.

“ಬಿಡಲ್ಲ ಅಂತಿದೆ,” ಎಂದಳು, ಹಸುವಿನ ವಿಷಯ ಹೇಳುವ ಧ್ವನಿಯಲ್ಲಿ.

ನಾರ್ಮನ್ ಕಟ್ಟೆಯಿಂದ ಇಳಿದು ಬಂದು ಅವಳ ಪಕ್ಕ ಕೂತ. “ಕೊಡಿಲ್ಲಿ.”

“ನಿಂಗೆ ಬರಲ್ಲವಲ್ಲ.” ಅದು ಊರಿಗೇ ಗೊತ್ತಿದ್ದ ಮಾತು. ನಾರ್ಮನ್ ರೆಲ್ಫ್ ಕೊಟ್ಟಿಗೆಯ ಒಳಗೆ ನಿಂತು ಹೊಡೆದರೂ ಕೊಟ್ಟಿಗೆಗೆ ತಾಗುವುದಿಲ್ಲ ಎಂದು ಆಡಿಕೊಳ್ಳುತ್ತಿದ್ದರು.

“ಬರಲ್ಲ. ಕೊಡು.”

ಅವಳು ನಳಿಗೆ ಮಡಚಿ ಗುಂಡಿಟ್ಟು ಕೊಟ್ಟಳು. ನಾರ್ಮನ್ ಏರ್‌ಗನ್ನನ್ನು ಓವರ್‌ಕೋಟಿನ ಮೇಲಿಟ್ಟುಕೊಂಡ. ವಾರಗಟ್ಟಲೆ ಕುರ್ಚಿಯಲ್ಲಿ ಬಿದ್ದಿದ್ದ ಮೈ. ತೋಳಿನಲ್ಲಿ ತ್ರಾಣವಿರಲಿಲ್ಲ, ಬಂದೂಕನ್ನು ಬಿಗಿ ಹಿಡಿಯುವ ಆಸೆಯೂ ಇರಲಿಲ್ಲ. ಕಣ್ಣಿಟ್ಟ, ಎಳೆದ. ಥೆಲ್ಮಾ ಇನ್ನೊಂದು ಗುಂಡಿಟ್ಟು ಕೊಟ್ಟಳು. ಮತ್ತೊಂದು. ಮತ್ತೊಂದು. ಎದ್ದು ಹೋಗಿ ನೋಡಿದರೆ ಚುಕ್ಕೆಯಿಂದ ಅರ್ಧ ಗೇಣು ಮೇಲೆ, ಬಲಕ್ಕೆ, ಹೆಬ್ಬೆರಳ ಉಗುರಿನಲ್ಲಿ ಮುಚ್ಚಬಹುದಾದಷ್ಟು ಜಾಗದಲ್ಲಿ ಎಲ್ಲ ಗುಂಡುಗಳೂ ಒಟ್ಟಿಗೆ ಕೂತಿದ್ದವು.

ಥೆಲ್ಮಾ ಆ ರಟ್ಟನ್ನು ನೋಡುತ್ತಾ ನಿಂತಳು. “ಬಂದೂಕು ಚೆನ್ನಾಗೇ ಇದೆ,” ಎಂದಳು.

“ಹಾಗಾದ್ರೆ ಕೆಟ್ಟಿರೋದು?”

“ನಾನು.”

“ಹೂಂ,” ಎಂದ ನಾರ್ಮನ್. ಅಯ್ಯೋ ಎನ್ನಲಿಲ್ಲ. ಅದಕ್ಕೆ ಅವಳಿಗೆ ಒಳಗೊಳಗೇ ಸಮಾಧಾನವಾಯಿತು.

ಮಿಕ್ಕದ್ದು ಅವಳಿಗೆ ಗೊತ್ತಿದ್ದ ಕೆಲಸ. ದುರ್ಬೀನಿನ ಮೇಲಿನ ತಿರುಪಿನ ಮುಚ್ಚಳ ತೆಗೆದು ಕೆಳಮುಖಕ್ಕೆ ತಿರುಗಿಸಿದಳು, ಪಕ್ಕದ್ದನ್ನು ಎಡಕ್ಕೆ. ಟಿಕ್ ಟಿಕ್ ಎಂದು ಅದು ಸರಿಯುವುದು ಖಾಲಿ ಕೊಟ್ಟಿಗೆಯಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ನಾರ್ಮನ್ ಹೊಡೆದ. ಗುಂಪು ಅರ್ಧ ದಾರಿ ಇಳಿಯಿತು. ಮತ್ತೆ ಟಿಕ್ ಟಿಕ್. ಮತ್ತೆ ಹೊಡೆದ. ಬೆಳಕು ಇಳಿಯುವ ಹೊತ್ತಿಗೆ ಪೆನ್ನಿನ ಚುಕ್ಕೆ ಇದ್ದ ಜಾಗದಲ್ಲಿ ಬರೀ ತೂತು ಉಳಿದಿತ್ತು.

“ತೀರಾ ಹತ್ರ ಇರೋದಕ್ಕೆ ಹೊಡೆಯೋವಾಗ ಒಂಚೂರು ಮೇಲಿಡ್ಬೇಕು,” ಎಂದಳು ಥೆಲ್ಮಾ. “ದುರ್ಬೀನು ನಳಿಗೆಗಿಂತ ಎತ್ತರದಲ್ಲಿದೆ. ಹತ್ರದಲ್ಲಿ ಗುಂಡು ಕೆಳಗೇ ಬೀಳತ್ತೆ.”

“ಅದ್ನ ನಂಗ್ಯಾಕೆ ಹೇಳ್ತೀಯ?”

“ಗುರಿ ಕೂತಿರೋದು ನಿನ್ನ ಕೈಗೆ. ನನ್ನ ಕೈಗಲ್ಲ. ಹೆಗ್ಗಣ ನೀನೇ ಹೊಡೀಬೇಕು.”

ಹೀಗೆ ನಾರ್ಮನ್ ಕುರ್ಚಿಯಿಂದ ಎದ್ದ. ಎದ್ದ ಎಂದರೆ ಮಹಾ ಏನೂ ಅಲ್ಲ. ಒಲೆಯ ಪಕ್ಕದ ಕುರ್ಚಿಯಿಂದ ಕೊಟ್ಟಿಗೆಯ ಬಕೆಟ್ಟಿನ ತನಕ. ಇಬ್ಬರೂ ದಿನಾ ಮಧ್ಯಾಹ್ನ ಅಲ್ಲಿ ಕೂರುತ್ತಿದ್ದರು. ಅವಳು ಗುಂಡಿಟ್ಟು ಕೊಡುವಳು, ಅವನು ಹೊಡೆಯುವನು. ಹೆಗ್ಗಣ ಬಿದ್ದರೆ ಸಂತೋಷವಿಲ್ಲ, ತಪ್ಪಿದರೆ ಬೇಜಾರಿಲ್ಲ. ಎಡ್ನಾ ಟೀ ಮತ್ತು ಶುಂಠಿಯ ಬಿಸ್ಕತ್ತು ತಂದಿಟ್ಟು, ಒಂದು ಸಲ ಇಬ್ಬರ ಮುಖವನ್ನೂ ನೋಡಿ ಹೋಗುವಳು.

ಒಂದು ಮಧ್ಯಾಹ್ನ, ದುರ್ಬೀನಿನಲ್ಲಿ ಕಣ್ಣಿಟ್ಟುಕೊಂಡೇ ನಾರ್ಮನ್ ಕೇಳಿದ: “ಪ್ಯಾಟ್ಸಿ ಎಳೆದಾಡ್ತಾ?”

“ಇಲ್ಲ.”

“ನಿಂತ್ಕೊಳ್ತಾ?”

“ನಿಂತ್ಕೊಳ್ತು. ನನ್ನ ತೋಳಿಗೆ ತಲೆ ಒರಗಿಸ್ತು. ಹಾಲು ಕರೆಯೋಕೆ ಬಂದಿದ್ದೀನಿ ಅಂದ್ಕೊಂಡಿತ್ತು.”

ನಾರ್ಮನ್ ಹೊಡೆಯಲಿಲ್ಲ. ಬಂದೂಕನ್ನು ಹಾಗೇ ಹಿಡಿದಿದ್ದ. “ನಾನು ಅವತ್ತು ರೇಡಿಯೋ ಜೋರಾಗಿ ಇಟ್ಕೊಂಡು ಕೂತಿದ್ದೆ. ಗೊತ್ತಾ? ಏನೋ ಕುದುರೆ ಜೂಜಿನ ಕಾಮೆಂಟರಿ. ನಾನು ಬರ್ಬೇಕಿತ್ತು ಥೆಲ್ಮಾ.”

“ಬಂದು ಏನ್ ಮಾಡ್ತಿದ್ದೆ? ಹಗ್ಗ ಇದ್ದದ್ದು ಒಂದೇ.”

“ಆದ್ರೂ.”

“ಆದ್ರೂ ಬರ್ಬೇಕಿತ್ತು,” ಎಂದಳು ಥೆಲ್ಮಾ. ಕೋಪದಿಂದಲ್ಲ, ಕೇಳಿದ್ದಕ್ಕೆ ಹೇಳಿದಳು, ಅಷ್ಟೆ. ನಾರ್ಮನ್ ತಲೆಯಾಡಿಸಿದ. ಆಮೇಲೆ ಇಬ್ಬರೂ ಬಿಸ್ಕತ್ತು ತಿಂದರು.

ಬೇಸಿಗೆ ಮುಗಿಯುವಷ್ಟರಲ್ಲಿ ಹೆಗ್ಗಣಗಳು ಮುಗಿದವು, ಇಲ್ಲವೆ ಬೇರೆ ಕಡೆ ಒಕ್ಕಲು ಹೋದವು. ಕೊಟ್ಟಿಗೆಗಳು ಶುದ್ಧವಾಗಿವೆ ಎಂದು ಸರ್ಕಾರದವರು ಒಪ್ಪಿದರು. ಸುತ್ತಮುತ್ತ ಬಹಳ ಜನ ದನ ಬಿಟ್ಟೇಬಿಟ್ಟರು; ಕೊಟ್ಟಿಗೆಗಳನ್ನು ಗೋದಾಮು ಮಾಡಿದರು, ರಜೆಗೆ ಬರುವವರಿಗೆ ಕೋಣೆ ಮಾಡಿಕೊಟ್ಟರು. ನಾರ್ಮನ್ ಚಳಿಗಾಲವೆಲ್ಲ ಏನೂ ಹೇಳಲಿಲ್ಲ. ಕೊನೆಗೊಂದು ಬೆಳಿಗ್ಗೆ ಥೆಲ್ಮಾಳ ಬಾಗಿಲ ಹೊರಗೆ ನಿಂತು, ಟೋಪಿ ಕೈಯಲ್ಲಿ ತಿರುಗಿಸುತ್ತಾ ಕೇಳಿದ:

“ದನ ತಂದ್ರೆ ಇರ್ತೀಯಾ?”

“ಇನ್ನೆಲ್ಲಿಗೆ ಹೋಗ್ಲಿ?”

“ಅದು ಉತ್ತರ ಅಲ್ಲ ಹುಡುಗಿ.”

“ನನ್ನತ್ರ ಇರೋದು ಅದೊಂದೇ ಉತ್ತರ.”

ಮೊದಲ ಕರು ಹಾಕಿದ ಕಡಸುಗಳನ್ನು ಗಡಿಯಾಚೆ ಸ್ಕಾಟ್ಲೆಂಡಿನಿಂದ ತಂದರು. ಲಾರಿಯಿಂದ ಇಳಿದವು ಕರೆಯುವ ಷೆಡ್ಡಿನ ಬಾಗಿಲು ಕಂಡು ನಾಲ್ಕು ಕಾಲೂ ಊರಿ ನಿಂತವು. ಹಿಂದಿನ ಮಂದೆಯಲ್ಲಿ ತಾಯಂದಿರನ್ನು ನೋಡಿ ಮಕ್ಕಳು ಕಲಿಯುತ್ತಿದ್ದವು. ಇವಕ್ಕೆ ದಾರಿ ತೋರಿಸುವ ಮುದಿ ಹಸುವೇ ಇರಲಿಲ್ಲ. ಒಂದೊಂದನ್ನೂ ಇಬ್ಬರು ಹಿಂದಿನಿಂದ ತಳ್ಳಿ, ಒಬ್ಬರು ಮುಂದಿನಿಂದ ಎಳೆದು ಒಳಗೆ ನೂಕಬೇಕು. ಒದೆತ, ಸಗಣಿಯ ಸ್ನಾನ. ಎಡ್ನಾ ಅವಕ್ಕೆ ಹೂವಿನ ಹೆಸರುಗಳನ್ನಿಟ್ಟಳು. ಥೆಲ್ಮಾ ಕಿವಿಯ ಓಲೆಯ ಮೇಲಿನ ಸಂಖ್ಯೆಯಿಂದಲೇ ಕರೆದಳು.

“ಒಂದಕ್ಕಾದ್ರೂ ಹೆಸರು ಹೇಳಿ ಕರಿ,” ಎಂದಳು ಎಡ್ನಾ.

“ಸಂಖ್ಯೆಗೂ ಬರ್ತಾವಲ್ಲ.”

“ಬರಲ್ಲ ಮಾರಾಯ್ತಿ, ಅದಕ್ಕೇ ಹೇಳ್ತಿರೋದು.”

ಭಾನುವಾರಗಳಲ್ಲಿ ಜನ ಮತ್ತೆ ಏರ್‌ಗನ್ನು ಹೊತ್ತು ಬರತೊಡಗಿದರು. ಥೆಲ್ಮಾ ಗದ್ದದಿಂದಲೇ ನಾರ್ಮನ್ನನ ಕಡೆ ತೋರಿಸುತ್ತಿದ್ದಳು. ಬಂದವರು ಮೊದಮೊದಲು ತಮಾಷೆಯೆಂದು ನಕ್ಕರು. ನಾರ್ಮನ್ ಬಕೆಟ್ಟಿನ ಮುಂದೆ ಕೂತು, ಗಂಭೀರವಾಗಿ, “ಒಂದು ಗುಂಡು ಏನೂ ಹೇಳಲ್ಲ. ಮೂರು ಹೊಡಿ,” ಎನ್ನುತ್ತಿದ್ದ. “ನಾಲ್ಕೈದು,” ಎಂದು ಬಾಗಿಲ ಕಡೆಯಿಂದ ಥೆಲ್ಮಾ ತಿದ್ದುತ್ತಿದ್ದಳು. ಅವಳು ಮತ್ತೆ ಬಂದೂಕು ಮುಟ್ಟಿದ್ದು ನೋಡಿದವರಿಲ್ಲ. ಕೈ ಸರಿಹೋಯಿತೋ ಇಲ್ಲವೋ, ಪರೀಕ್ಷೆ ಮಾಡಲು ಅವಳು ಹೋಗಲಿಲ್ಲ. ಹಾಲು ಕರೆಯಲು ಯಂತ್ರವಿತ್ತು. ಆ ಕೈ ಅದಕ್ಕೆ ಸಾಕಾಗಿತ್ತು.

ಆ ವರ್ಷದ ಬೇಸಿಗೆಯಲ್ಲಿ ಅವಳು ಒಂದು ಶನಿವಾರ ರಜೆ ಕೇಳಿದಳು. ನಾರ್ಮನ್ ಕೇಳಿಸಲಿಲ್ಲವೆಂಬಂತೆ ಎರಡು ಸಲ “ಏನು?” ಎಂದ. ಹಸುಗಳು ದಿನಕ್ಕೆರಡು ಹೊತ್ತು ಹಾಲು ಕೊಡುವ ಮನೆಯಲ್ಲಿ ಅವಳು ಅದುವರೆಗೆ ಇಡೀ ಒಂದು ದಿನ ರಜೆ ಕೇಳಿದ್ದೇ ಇರಲಿಲ್ಲ.

“ಎಲ್ಲಿಗೆ?”

“ಸಿಲತ್‌ಗೆ. ಕಡಲು ನೋಡೋಕೆ.”

“ಯಾಕೆ?”

“ಗೊತ್ತಿಲ್ಲ. ಹತ್ರಾನೇ ಇದೆಯಲ್ಲ.”

ಬಸ್ಸಿನಲ್ಲಿ ಹೋದಳು. ಕಡಲ ದಂಡೆಯ ಹುಲ್ಲುಹಾಸಿನ ಬೆಂಚಿನ ಮೇಲೆ ಕೂತು, ಕಾಗದದ ಪೊಟ್ಟಣದಲ್ಲಿ ವಿನೆಗರ್ ಚಿಮುಕಿಸಿದ ಚಿಪ್ಸು ತಿಂದಳು. ನೀರು ಹಿಂದೆ ಸರಿದು ಕಣ್ಣಳತೆಯ ತನಕ ಕೆಸರು ಮಿಂಚುತ್ತಿತ್ತು. ಬೆಂಚಿನ ಇನ್ನೊಂದು ತುದಿಗೆ ಒಬ್ಬಳು ಮುದುಕಿ ನಾಯಿಮರಿಯೊಂದಿಗೆ ಬಂದು ಕೂತಳು.

“ರಜೆಗೆ ಬಂದ್ರಾ ತಾಯಿ?”

“ಹೂಂ.”

“ಒಬ್ರೇನಾ?”

“ಹೂಂ.”

“ಹೇಗಿದೆ, ಚೆನ್ನಾಗಿದೆಯಾ?”

ಥೆಲ್ಮಾ ಕೆಸರನ್ನೂ ಅದರಾಚೆಯ ಬೂದು ಬೆಟ್ಟಗಳನ್ನೂ ನೋಡಿದಳು. ಪ್ರಾಮಾಣಿಕವಾಗಿ ಉತ್ತರ ಕೊಡಬೇಕೆನ್ನಿಸಿತು. “ಇನ್ನೂ ಗೊತ್ತಾಗ್ತಿಲ್ಲ,” ಎಂದಳು. “ಬಂದು ಸ್ವಲ್ಪ ಹೊತ್ತಾಯ್ತು ಅಷ್ಟೆ.”

“ಅವಸರ ಏನಿದೆ, ಕೂತ್ಕೊಳ್ಳಿ,” ಎಂದಳು ಮುದುಕಿ.

ಥೆಲ್ಮಾ ಕೂತಳು. ನೀರು ಮರಳಿ ಬರುವ ತನಕ ಕೂತಿದ್ದಳು. ಚಿಪ್ಸಿಗೆ ಉಪ್ಪು ಜಾಸ್ತಿಯಾಗಿತ್ತು ಎಂದು ಬಸ್ಸು ಹತ್ತಿದ ಮೇಲೆ ಅನ್ನಿಸಿತು.

ಗೇಟಿನ ಬಳಿ ಇಳಿದಾಗ ನಾರ್ಮನ್ ಅಂಗಳಕ್ಕೆ ನೀರು ಹೊಡೆಯುತ್ತಿದ್ದ. ಮೈತುಂಬ ಸಗಣಿ, ಹಣೆಯ ಮೇಲೆ ಗಾಯ.

“ಹೆಂಗಿತ್ತು?”

“ಗಾಳಿ. ನಿನ್ನ ಹಣೆಗ್ಯಾರು ಒದ್ದಿದ್ದು?”

“ಸಂಖ್ಯೆ ಮರ್ತೆ. ಮುಂದಿನ ಶನಿವಾರಾನೂ ಹೋಗ್ತೀಯಾ?”

“ಹೋಗ್ಬಹುದು,” ಎಂದಳು ಥೆಲ್ಮಾ.

ಸಂಜೆ ಹಾಲು ಕರೆಯುವುದು ಮುಗಿದಿತ್ತು, ಮಾಡಲು ಏನೂ ಉಳಿದಿರಲಿಲ್ಲ. ಆದರೂ ಅವಳು ಬೂಟು ಹಾಕಿಕೊಂಡು ಕೊಟ್ಟಿಗೆಯಲ್ಲಿ ಒಂದು ಸುತ್ತು ಹೋಗಿ ಬಂದು, ಕದ ಹಾಕಿಕೊಂಡು, ಟೀಗೆ ನೀರಿಟ್ಟಳು.